ಮನೆಯಲ್ಲಿ ಯೋಗಕ್ಕೆ ಮೊದಲು ಜಾಗ ಬೇಕು

ನನ್ನ ಸೊಂಟ ಹಿಡಿದುಕೊಂಡದ್ದು ಯೋಗ ಮಾಡಿದ್ದರಿಂದಲೇ ಎಂದು ನಮ್ಮ ಉಡಿಗಾಲದಲ್ಲಿ ಈಗಲೂ ಹೇಳುವವರಿದ್ದಾರೆ. ಆ ಮಾತು ಹುಟ್ಟಿದ್ದು ನಮ್ಮ ಮನೆಯಲ್ಲೇ, ನಮ್ಮ ಭಾವನವರ ಬಾಯಲ್ಲಿ. ಡೈರಿ ಮುಂದೆ, ಮದುವೆ ಮನೆಯಲ್ಲಿ, ಗುಂಡ್ಲುಪೇಟೆ ಬಸ್ಸಿನಲ್ಲಿ ಸಿಕ್ಕವರೆಲ್ಲ ‘ಯೋಗ ಮಾಡಕೋಗಿ ಮಲಗ್ಬುಟ್ಟಿದ್ಯಂತಲ್ಲವ್ವ’ ಎಂದೇ ವಿಚಾರಿಸುತ್ತಾರೆ. ಸೊಂಟ ನೋವಿರುವ ಎಷ್ಟೋ ಹೆಂಗಸರು ಇದನ್ನು ನಂಬಿ, ಹಾಸಿದ ಜಮಖಾನ ಮಡಿಸಿಟ್ಟಿದ್ದಾರೆ. ಅವರಿಗಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

2022ರ ಜೂನ್ 21ರಂದು ಮೈಸೂರು ಅರಮನೆಯ ಮುಂದೆ ನಡೆದ ಯೋಗ ದಿನವನ್ನು ಟೀವಿಯಲ್ಲಿ ನೋಡಿ ನಮ್ಮ ಕಡೆಯೂ ಹುರುಪು ಬಂದಿತ್ತು. ಚಾಮರಾಜನಗರದಿಂದ ಒಬ್ಬರು ಮೇಡಂ ಬಂದು ಹೆಂಗಸರಿಗೆ ಹೇಳಿಕೊಟ್ಟರು. ಶಿಬಿರ ಮುಗಿದ ಮೇಲೆ ಮುಂದುವರಿಸಿದವರು ಕಡಿಮೆ. ನಾನು ಬಿಡಲಿಲ್ಲ. ನಡುಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ತಾಡಾಸನ, ಮಾರ್ಜಾಲಾಸನ, ಭುಜಂಗಾಸನ, ಶಲಭಾಸನ, ಸೇತುಬಂಧಾಸನ, ಕೊನೆಗೆ ಶವಾಸನ. ಇಷ್ಟೇ. ಈರುಳ್ಳಿ ಕಳೆ ಕಿತ್ತು ಬಂದ ರಾತ್ರಿ ಮಗ್ಗುಲು ಬದಲಿಸಲು ಆಗದೆ ನರಳುತ್ತಿದ್ದವಳಿಗೆ ನಿದ್ದೆ ಹತ್ತತೊಡಗಿತು. ಹಾಲು ಕರೆದು ಏಳುವಾಗ ಗೋಡೆ ಹಿಡಿಯುವುದು ತಪ್ಪಿತು.

ಅದನ್ನು ನಿಲ್ಲಿಸಿದ್ದು ಅರಿಶಿನ. ಹಿಂದಿನ ಸಾಲಿನ ಅರಿಶಿನಕ್ಕೆ ರೇಟು ಬರಲಿ ಎಂದು ಭಾವನವರು ಮೂಟೆಗಳನ್ನು ನನ್ನ ಕೋಣೆಯಲ್ಲಿ ಸೂರು ಮುಟ್ಟುವ ಹಾಗೆ ಜೋಡಿಸಿದರು. ಯಾರನ್ನೂ ಒಂದು ಮಾತು ಕೇಳಲಿಲ್ಲ. ನಡುಮನೆಯಲ್ಲಿ ಮಾಡೋಣವೆಂದರೆ ಒಂದು ಕಡೆ ಅತ್ತೆಯವರ ಮಂಚ, ಇನ್ನೊಂದು ಕಡೆ ಟೀ ಲೋಟ ಹಿಡಿದು ಕೂತ ಭಾವ. ಅವರ ಕಾಲ ಬುಡದಲ್ಲಿ ನಾನು ಬೋರಲು ಮಲಗಿ ಕಾಲೆತ್ತುವುದುಂಟೆ? ಜಗುಲಿಯಂತೂ ಬೀದಿಗೇ ತೆರೆದಿದೆ.

ಸಾಲದ್ದಕ್ಕೆ ಕರೆಂಟಿನ ಕಾಟ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಡುತ್ತಿದ್ದುದು ನಡುರಾತ್ರಿ. ನಮ್ಮ ಯಜಮಾನರು ಬಾಳೆಗೆ ನೀರು ಕಟ್ಟಿ ಬೆಳಗಿನ ಜಾವ ಬಂದು ಮಲಗುತ್ತಿದ್ದರು. ಹಾಗಾಗಿ ಸಗಣಿ ಬಾಚಿ, ಹಾಲು ಕರೆದು, ಡೈರಿಗೆ ಹಾಕುವುದೆಲ್ಲ ನನ್ನ ಪಾಲಿಗೆ ಬಂತು. ಹೊತ್ತು ಬದಲಿಸಿ ಎಂದು ಊರಿನವರು ಕಚೇರಿಗೆ ಹೋಗಿ ಕೈಮುಗಿದರೆ, ಕುರ್ಚಿಯಲ್ಲಿದ್ದ ಸಾಹೇಬರು ಮೊಬೈಲಿನಿಂದ ತಲೆ ಎತ್ತಲಿಲ್ಲ. ಒಬ್ಬ ಅಧಿಕಾರಿಯ ಉದಾಸೀನ ಹಳ್ಳಿಯ ಹೆಂಗಸಿನ ಬೆನ್ನಿಗೆ ಎಲ್ಲಿಂದ ಬಂದು ತಗಲುತ್ತದೆ ನೋಡಿ. ಕೊಯ್ಲು ಶುರುವಾಗುವ ಹೊತ್ತಿಗೆ ನನ್ನ ಅಭ್ಯಾಸ ಪೂರ್ತಿ ನಿಂತುಹೋಗಿತ್ತು. ಈ ಮಾತನ್ನು ಓದುವವರು ಮರೆಯಬಾರದು.

ಅರಿಶಿನ ಬೇಯಿಸಿ ಕಣದಲ್ಲಿ ಹರಡಿದ್ದೆವು. ಬೇಯಿಸಿದ ಮೇಲೆ ಹತ್ತು ಹದಿನೈದು ದಿನ ಬಿಸಿಲು ಬೇಕು. ನಡುವೆ ಮಳೆಗೆ ನೆನೆದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ರೇಟಿಲ್ಲ. ಆ ದಿನ ಮಧ್ಯಾಹ್ನ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಮೋಡ ಎದ್ದಿತು. ಗಂಡಸರು ಇನ್ನೂ ಹೊಲದಲ್ಲಿದ್ದರು. ಕಣದಲ್ಲಿದ್ದದ್ದು ನಾನು, ನನ್ನ ಓರಗಿತ್ತಿ, ಇಬ್ಬರು ಕೂಲಿಯವರು. ಎಲ್ಲವನ್ನೂ ಒಂದೆಡೆ ಗುಡ್ಡೆ ಹಾಕಿ ಟಾರ್ಪಾಲು ಹೊದಿಸಬೇಕು. ಬಗ್ಗಿ ಬಾಚುವುದು, ಮಂಕರಿಗೆ ತುಂಬುವುದು, ಎತ್ತಿ ಸುರಿಯುವುದು. ಗಾಳಿ ಎದ್ದು ಕಣ್ಣಿಗೆ ದೂಳು ಹೊಡೆಯುತ್ತಿತ್ತು. ತುಂಬಿದ ಮಂಕರಿಯನ್ನು ಎತ್ತಿ ಹಾಗೇ ಬಲಕ್ಕೆ ತಿರುಗಿದೆ.

ಸೊಂಟದಲ್ಲಿ ಚಳಕ್ ಅಂದಿತು. ತಿಕದಿಂದ ಹಿಮ್ಮಡಿಯವರೆಗೆ ಬಲಗಾಲಿನ ಹಿಂಬದಿಯಲ್ಲಿ ಉರಿ ಇಳಿಯಿತು. ಮಂಕರಿ ಜಾರಿ ಅರಿಶಿನವೆಲ್ಲ ಚೆಲ್ಲಿತು. ಮಂಡಿಯೂರಿದೆ, ಕೈಯೂರಿದೆ, ಅಲ್ಲಿಗೆ ಮೈ ನಿಂತುಬಿಟ್ಟಿತು. ಮೇಲೇಳಲೂ ಆಗದು, ಮಲಗಲೂ ಆಗದು. ಅಂಗೈಗೆ ಅರಿಶಿನದ ಕೊಂಬುಗಳು ಒತ್ತುತ್ತಿದ್ದವು. ಉಸಿರು ಎಳೆದರೆ ನೋವು, ಕೂಗಿದರೆ ಇನ್ನೂ ನೋವು. ‘ಅಕ್ಕಾ, ಅಕ್ಕಾ’ ಎಂದು ಓರಗಿತ್ತಿಯನ್ನು ಕರೆದೆ. ಗಾಳಿಯಲ್ಲಿ ಅವರಿಗೆ ಕೇಳಿಸಲಿಲ್ಲ. ಬೆನ್ನ ಮೇಲೆ ದಪ್ಪ ಹನಿ ಬೀಳತೊಡಗಿತು. ಭಾವನವರು ಓಡಿ ಬಂದರು. ಬಂದವರು ಮೊದಲು ಎಳೆದದ್ದು ಟಾರ್ಪಾಲನ್ನು. ನನ್ನ ಹತ್ತಿರ ಬಂದದ್ದು ಗುಡ್ಡೆಗೆ ಪೂರ್ತಿ ಹೊದಿಸಿದ ಮೇಲೆ. ಆಗಲೂ ಅವರ ಬಾಯಲ್ಲಿ ಬಂದದ್ದು, ‘ಆಸ್ನ ಗೀಸ್ನ ಅಂತ ಮೈಯ ತಿರುಚ್ಕಂಡ್ರೆ ಇನ್ನೇನಾದದು?’

ಆ ಮಾತಿನ ನೋವು ಸೊಂಟದ ನೋವು ಹೋದ ಮೇಲೂ ಹೋಗಿಲ್ಲ.

ಪೇಟೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ಮೈ ಮುಟ್ಟಿ ನೋಡದೆ ಇಂಜೆಕ್ಷನ್ ಬರೆದರು. ‘ವಯಸ್ಸಾಯ್ತು, ಇನ್ನು ಮೇಲೆ ಬಗ್ಗಬೇಡಿ’ ಅಂದರು. ಹಸು ಕಟ್ಟಿದ ಮನೆಯಲ್ಲಿ ಬಗ್ಗದೆ ಬದುಕುವುದು ಹೇಗೆಂದು ಹೇಳಲಿಲ್ಲ. ಮಂಚದಿಂದ ಬಚ್ಚಲಿಗೆ ಹೋಗಲು ಮಗಳ ಹೆಗಲು ಬೇಕಾಗಿತ್ತು. ಕಾಲಿನ ಉರಿ ಇಳಿಯದಾಗ ಯಜಮಾನರು ಮೈಸೂರಿಗೆ ಕರೆದೊಯ್ದರು. ಅಲ್ಲಿಯ ಡಾಕ್ಟರು ಅಂಗಾತ ಮಲಗಿಸಿ ಒಂದೊಂದೇ ಕಾಲೆತ್ತಿ ನೋಡಿದರು, ಸ್ಕ್ಯಾನಿಂಗ್ ಮಾಡಿಸಿದರು. ಡಿಸ್ಕ್ ಸರಿದು ನರ ಒತ್ತುತ್ತಿದೆ, ಭಾರ ಎತ್ತಿಕೊಂಡೇ ತಿರುಗಿದ್ದರಿಂದ ಹೀಗಾಗಿದೆ, ಇಂಥವು ಬಹುಪಾಲು ಆಪರೇಷನ್ ಇಲ್ಲದೆ ಕೆಲವು ವಾರ, ತಿಂಗಳಲ್ಲಿ ತಹಬಂದಿಗೆ ಬರುತ್ತವೆ ಎಂದು ಬಿಡಿಸಿ ಹೇಳಿದರು. ಮೂತ್ರ ಕಟ್ಟಿದರೆ, ಒಳತೊಡೆ ಜೋಮು ಹಿಡಿದರೆ, ಪಾದಕ್ಕೆ ಬಲ ತಪ್ಪಿದರೆ ಮಾತ್ರ ಒಂದು ಗಳಿಗೆಯೂ ಕಾಯದೆ ಬನ್ನಿ ಎಂದರು. ನಾನು ಮಾಡುತ್ತಿದ್ದ ಆಸನಗಳ ಹೆಸರು ಕೇಳಿ, ನೋವು ಕಾಲಿನಿಂದ ಇಳಿದ ಮೇಲೆ ಬೋರಲು ಮಲಗಿ ಮಾಡುವವನ್ನು ನಿಧಾನವಾಗಿ ಶುರುಮಾಡಲು ಹೇಳಿದ್ದೂ ಅವರೇ. ಪಾದಹಸ್ತಾಸನ, ಪಶ್ಚಿಮೋತ್ತಾನಾಸನದಂಥ ಮುಂದೆ ಬಗ್ಗುವ ಆಸನಗಳು ಬೇಡವೆಂದರು. ಯಜಮಾನರು ಇದನ್ನೆಲ್ಲ ಮನೆಯಲ್ಲಿ ಹೇಳಿದರು. ಭಾವನವರು ಕೇಳಿಸಿಕೊಂಡರು, ಒಪ್ಪಲಿಲ್ಲ.

ಮಲಗಿದಲ್ಲಿಂದಲೇ ಯಜಮಾನರಿಗೆ ಹೇಳಿದೆ: ‘ನಾನೆದ್ ಮ್ಯಾಲೆ ಆ ರೂಮು ನಂಗ್ ಬೇಕು. ಬೆಳಗಿನ ಆಲ ನೀವೇ ಡೈರಿಗಾಕ್ಬೇಕು.’ ಮೂಟೆ ಎಲ್ಲಿಡುವುದೆಂದು ಭಾವನವರು ರೇಗಾಡಿದರು. ನಾನು ಹಟ ಬಿಡಲಿಲ್ಲ. ಕೊನೆಗೆ ಹಿತ್ತಿಲಲ್ಲಿ ಶೀಟಿನ ಶೆಡ್ಡು ಎದ್ದಿತು, ಮೂಟೆ ಅಲ್ಲಿಗೆ ಹೋಯಿತು. ನನ್ನ ಅಭ್ಯಾಸ ಇವತ್ತಿಗೂ ಉಳಿದಿದ್ದರೆ ಅದಕ್ಕೆ ಕಾರಣ ಆ ಶೆಡ್ಡು ಮತ್ತು ಯಜಮಾನರು ಕೈಗೆತ್ತಿಕೊಂಡ ಹಾಲಿನ ಕ್ಯಾನು.

‘ಇದೆಲ್ಲ ಸಿಟಿಯವರ ಶೋಕಿ’ ಅನ್ನುವವರಿಗೂ ಒಂದು ಮಾತು. 1997ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾಗುವವರೆಗೆ ನಾವು ಮೈಸೂರು ಜಿಲ್ಲೆಯವರು. ಆ ಮೈಸೂರಿನಲ್ಲೇ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸತೊಡಗಿದರು. ಮರುವರ್ಷ ಬಂದ ಅವರ ‘ಯೋಗ ಮಕರಂದ’ ಕನ್ನಡದ ಪುಸ್ತಕ. ಅವರ ಭಾವಮೈದುನ, ಕೋಲಾರ ಜಿಲ್ಲೆ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು, ಕಾಯಿಲೆಯಿಂದ ಬಡವಾದ ಹುಡುಗನಾಗಿಯೇ ಮೈಸೂರಿಗೆ ಬಂದದ್ದು. ಮುಂದೆ ಕುರ್ಚಿ, ಗೋಡೆ, ಹಗ್ಗ, ಮರದ ಇಟ್ಟಿಗೆಗಳ ಆಸರೆಯಿಂದ ನೋವಿದ್ದವರಿಗೂ ಆಸನ ಹೇಳಿಕೊಟ್ಟವರು ಅವರು. ನಾನು ಗೋಡೆ ಹಿಡಿದು, ಕುರ್ಚಿ ಮೇಲೆ ಕೂತು ಶುರುಮಾಡಿದಾಗ ‘ಇದೂ ಒಂದು ಯೋಗವಾ’ ಎಂದವರಿಗೆ ಇದನ್ನೇ ಹೇಳಿದೆ. ಕೃಷ್ಣಮಾಚಾರ್ಯರ ಇನ್ನೊಬ್ಬ ಶಿಷ್ಯ, ಹಾಸನ ಜಿಲ್ಲೆಯ ಕೌಶಿಕದ ಪಟ್ಟಾಭಿ ಜೋಯಿಸರ ಪದ್ಧತಿಯಲ್ಲಿ ಶನಿವಾರ, ಅಮಾವಾಸ್ಯೆ, ಹುಣ್ಣಿಮೆಗೆ ಬಿಡುವು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಹೂಡುವುದಿಲ್ಲ. ನಾನೂ ಸೋಮವಾರ ಮೈಗೆ ಬಿಡುವು ಕೊಟ್ಟಿದ್ದೇನೆ. ಮುಟ್ಟಿನ ದಿನಗಳಲ್ಲಿ ಶವಾಸನ ಸಾಕು. ಬಿಡುವಿನ ದಿನ ಮೊದಲೇ ಗೊತ್ತಿದ್ದರೆ ಮಾರನೆಯ ದಿನ ಚಾಪೆ ಹಾಸಲು ಮನಸ್ಸು ಹಿಂಜರಿಯುವುದಿಲ್ಲ.

ಉಳಿದವು ಸಣ್ಣ ಮಾತು. ಗಡಿಯಾರ ನೋಡಬೇಡಿ, ತಪ್ಪದೆ ನಡೆಯುವ ಒಂದು ಕೆಲಸದ ಬೆನ್ನಿಗೆ ಯೋಗವನ್ನು ಕಟ್ಟಿ. ನಮ್ಮಲ್ಲಿ ಹಾಲಿನ ಕ್ಯಾನು ಹೊಸ್ತಿಲು ದಾಟಿದ ಮೇಲೆ, ಒಲೆ ಹಚ್ಚುವ ಮೊದಲು. ಸರ್ಕಾರದವರು ಯೋಗ ದಿನಕ್ಕೆ ಇಟ್ಟಿರುವ ಕ್ರಮ 45 ನಿಮಿಷದ್ದು. ಅಷ್ಟು ಹೊತ್ತು ಸಿಗದಿದ್ದರೆ ಇಪ್ಪತ್ತು ನಿಮಿಷ ಮಾಡಿ, ಶವಾಸನ ಮಾತ್ರ ಬಿಡಬೇಡಿ. ಆಸನಕ್ಕೆ ಹಾಕಿಕೊಳ್ಳುವ ಚೂಡಿದಾರವನ್ನು ರಾತ್ರಿಯೇ ತಲೆದೆಸೆಯಲ್ಲಿಟ್ಟುಕೊಳ್ಳಿ. ಕೊಯ್ಲಿನ ತಿಂಗಳಲ್ಲಿ ಆಸನ ಕಡಿಮೆ ಮಾಡಿ, ಜಾಗ ಬಿಟ್ಟುಕೊಡಬೇಡಿ. ಕಾಲಿಗೆ ಇಳಿಯುವ ನೋವಿದ್ದರೆ ಮೊದಲು ಡಾಕ್ಟರು, ಆಮೇಲೆ ಚಾಪೆ.

ಗಂಡಸರಿಗೆ, ಅದರಲ್ಲೂ ಮನೆಯ ಹಿರಿಯರಿಗೆ: ಹೆಂಗಸು ಬಾಗಿಲು ಹಾಕಿಕೊಂಡ ಆ ಹೊತ್ತಿನಲ್ಲಿ ‘ಟೀ ಎಲ್ಲಿ’ ಎಂದು ಕೂಗಬೇಡಿ. ಒಲೆ ಹಚ್ಚಲು ನಿಮಗೂ ಬರುತ್ತದೆ.