ಗಣಕದೊಳಗಿನ ಪಿಯಾನೋ: ಅದನ್ನು ಆರಿಸಿಕೊಳ್ಳುವ ಬಗೆ

ಸಹ್ಯಾದ್ರಿಯ ನೆತ್ತಿಯ ಮೇಲೆ, ಬೋರ್ ಘಾಟಿನ ಅಂಚಿನಲ್ಲಿರುವ ನಮ್ಮ ಲೋಣಾವಳಾದಲ್ಲಿ ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಮಳೆಯದೇ ರಾಜ್ಯಭಾರ. ಆ ನಾಲ್ಕು ತಿಂಗಳು ಗೋಡೆಗಳು ಒಸರುತ್ತವೆ. ಪುಸ್ತಕದ ಹಾಳೆಗಳು ಮೆತ್ತಗಾಗುತ್ತವೆ. ಬಾಗಿಲುಗಳು ಉಬ್ಬಿ ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತವೆ. ಬಾಗಿಲಿನ ದಪ್ಪ ಮರಕ್ಕೇ ಈ ಗತಿಯಾದರೆ, ಇನ್ನೂರಕ್ಕೂ ಹೆಚ್ಚು ತಂತಿಗಳ ಒತ್ತಡವನ್ನು ತಾಳಿಕೊಂಡು ನಾದವನ್ನು ಕೊಡಬೇಕಾದ ಪಿಯಾನೋವಿನ ತೆಳುಹಲಗೆಯ ಪಾಡೇನು? ಹಲಗೆಯು ತೇವವನ್ನು ಹೀರಿ ಉಬ್ಬಿದಂತೆಲ್ಲ ತಂತಿಗಳ ಬಿಗಿತ ಬದಲಾಗುತ್ತದೆ, ಶ್ರುತಿ ಕದಲುತ್ತದೆ. ಅದನ್ನು ಸರಿಪಡಿಸಬಲ್ಲ ಕುಶಲಿಗಳು ಎಲ್ಲ ಊರುಗಳಲ್ಲಿಯೂ ದೊರೆಯುವುದಿಲ್ಲ. ವಾದ್ಯದ ಬೆಲೆಯಾದರೋ ಸಾಮಾನ್ಯ ಸಂಸಾರದ ಕೈಗೆ ಎಟಕುವಂತಹುದಲ್ಲ; ಅದನ್ನಿಡಲು ಬೇಕಾದ ಸ್ಥಳವೂ ನಮ್ಮ ಮನೆಗಳಲ್ಲಿಲ್ಲ.

ಆದುದರಿಂದಲೇ ಇಂದು ಅನೇಕ ಸಂಗೀತಗಾರರು ಪಿಯಾನೋವನ್ನು ಗಣಕಯಂತ್ರದೊಳಗೆ ಇಟ್ಟುಕೊಂಡಿದ್ದಾರೆ. ಒಂದು ಕೀಲಿಮಣೆ, ಒಂದು ಗಣಕ, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನ್, ಇವುಗಳ ಜೊತೆಗೆ ಪಿಯಾನೋವಿನ ನಾದವನ್ನು ಹೊರಡಿಸುವ ಒಂದು ತಂತ್ರಾಂಶ: ಇಷ್ಟಿದ್ದರೆ ಅಭ್ಯಾಸ ನಡೆಯುತ್ತದೆ. ಆದರೆ ಇಂತಹ ತಂತ್ರಾಂಶಗಳು ಹತ್ತಾರು ಇವೆ. ಪ್ರತಿಯೊಂದೂ ತಾನೇ ನಿಜವಾದ ಪಿಯಾನೋವಿಗೆ ಸಮೀಪವೆಂದು ಸಾರಿಕೊಳ್ಳುತ್ತದೆ. ಇವುಗಳಲ್ಲಿ ಯಾವುದನ್ನು ಆರಿಸಬೇಕು? ಆಯ್ಕೆ ತಪ್ಪಿದರೆ ಹಣ ಹೋಗುವುದು ಒಂದು ನಷ್ಟ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಕಲಿಯುವವನ ಬೆರಳೂ ಕಿವಿಯೂ ತಪ್ಪು ಪಾಠವನ್ನು ಕಲಿಯುವುದು. ಮೃದುವಾಗಿ ಒತ್ತಿದರೂ ಬಲವಾಗಿ ಒತ್ತಿದರೂ ಒಂದೇ ಬಗೆಯ ಸದ್ದನ್ನು ಕೇಳಿ ಬೇಸತ್ತು ಸಂಗೀತವನ್ನೇ ಬಿಟ್ಟುಬಿಡುವುದು. ಆದಕಾರಣ ಈ ವಿಷಯವನ್ನು ಕ್ರಮವಾಗಿ ವಿಚಾರ ಮಾಡೋಣ.

ಮೊದಲನೆಯದಾಗಿ, ಪಿಯಾನೋ ಎಂದರೇನು? ಇಟಲಿ ದೇಶದ ಫ್ಲಾರೆನ್ಸ್ ನಗರದಲ್ಲಿ ಸುಮಾರು 1700ರ ವೇಳೆಗೆ ಬಾರ್ತೊಲೊಮೆಯೊ ಕ್ರಿಸ್ಟೊಫೊರಿ ಎಂಬ ವಾದ್ಯಶಿಲ್ಪಿಯು ಒಂದು ಹೊಸ ವಾದ್ಯವನ್ನು ನಿರ್ಮಿಸಿದನು. ಅದಕ್ಕೆ ಮುಂಚೆ ಬಳಕೆಯಲ್ಲಿದ್ದ ಹಾರ್ಪ್ಸಿಕಾರ್ಡಿನಲ್ಲಿ ಕೀಲಿಯನ್ನು ಒತ್ತಿದಾಗ ಒಂದು ಮೊನೆಯು ತಂತಿಯನ್ನು ಮೀಟುತ್ತಿತ್ತು. ಬೆರಳಿನ ಬಲ ಹೆಚ್ಚಾದರೂ ಕಡಮೆಯಾದರೂ ನಾದ ಹೆಚ್ಚುಕಡಮೆ ಒಂದೇ ಸಮನಾಗಿರುತ್ತಿತ್ತು. ಕ್ರಿಸ್ಟೊಫೊರಿಯು ಮೊನೆಯ ಬದಲು ಪುಟ್ಟ ಸುತ್ತಿಗೆಯನ್ನು ಇಟ್ಟನು. ಬೆರಳಿನ ವೇಗ ಸುತ್ತಿಗೆಗೆ ದಾಟಿತು. ಸುತ್ತಿಗೆಯ ವೇಗ ತಂತಿಗೆ ದಾಟಿತು. ಇಟಲಿಯ ಭಾಷೆಯಲ್ಲಿ ‘ಪಿಯಾನೋ’ ಎಂದರೆ ಮೃದು, ‘ಫೋರ್ತೆ’ ಎಂದರೆ ಬಲ. ಮೃದುವನ್ನೂ ಬಲವನ್ನೂ ನುಡಿಯಬಲ್ಲದ್ದೆಂಬ ಕಾರಣದಿಂದಲೇ ಅದು ‘ಪಿಯಾನೋಫೋರ್ತೆ’ ಎನಿಸಿಕೊಂಡಿತು. ಬರಬರುತ್ತ ಹೆಸರಿನ ಅರ್ಧ ಉದುರಿ ‘ಪಿಯಾನೋ’ ಉಳಿಯಿತು.

ಈ ಗುಣವನ್ನು ನಮಗೆ ಪರಿಚಿತವಾದ ಪೇಟಿಯೊಡನೆ, ಎಂದರೆ ಹಾರ್ಮೋನಿಯಂನೊಡನೆ, ಹೋಲಿಸಿ ನೋಡಿರಿ. ಪೇಟಿಯಲ್ಲಿ ನಾದದ ಬಲವನ್ನು ನಿರ್ಣಯಿಸುವುದು ತಿದಿಯನ್ನು ಒತ್ತುವ ಕೈ. ಕೀಲಿಯ ಮೇಲಿನ ಬೆರಳಲ್ಲ. ಗಾಳಿ ಇರುವವರೆಗೆ ಸ್ವರ ನಿಂತಿರುತ್ತದೆ. ಪಿಯಾನೋದಲ್ಲಿ ಹಾಗಲ್ಲ. ಸುತ್ತಿಗೆ ತಂತಿಗೆ ಬಡಿದ ಕ್ಷಣದಿಂದಲೇ ಸ್ವರ ಸೊರಗತೊಡಗುತ್ತದೆ; ಅದರ ಬಲವನ್ನೂ ಬಣ್ಣವನ್ನೂ ಆ ಒಂದು ಕ್ಷಣದಲ್ಲಿ ಬೆರಳೇ ನಿರ್ಣಯಿಸಿಬಿಡುತ್ತದೆ. ಪೇಟಿಯಿಂದ ಪಿಯಾನೋವಿಗೆ ಬರುವ ವಿದ್ಯಾರ್ಥಿಯು ಈ ಭೇದವನ್ನು ಮೊದಲು ಮನಗಾಣತಕ್ಕದ್ದು.

ಇಲ್ಲಿ ನಮ್ಮ ನಾಡಿನದೇ ಒಂದು ಪ್ರಸಂಗವನ್ನು ನೆನೆಯಬಹುದು. ಮೈಸೂರಿನ ಮಹಾರಾಜರಾಗಿದ್ದ ಶ್ರೀ ಜಯಚಾಮರಾಜೇಂದ್ರ ಒಡೆಯರು (1919–1974) ಕರ್ನಾಟಕ ಸಂಗೀತದಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದವರು; ಪಾಶ್ಚಾತ್ಯ ಸಂಗೀತವನ್ನೂ ಬಲ್ಲ ಪಿಯಾನೋ ವಾದಕರು. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್ ಎಂಬವರ ಸಂಗೀತವನ್ನು ಅವರು ಬಹಳವಾಗಿ ಮೆಚ್ಚಿದ್ದರು. 1940ರ ದಶಕದ ಕೊನೆಯಲ್ಲಿ, ಮೆಟ್ನರರು ವೃದ್ಧರೂ ಅಸ್ವಸ್ಥರೂ ಆಗಿದ್ದಾಗ, ಒಡೆಯರ ಧನಸಹಾಯದಿಂದ ಅವರ ವಾದನವು ಹೆಚ್.ಎಮ್.ವಿ. ಕಂಪನಿಯ ಧ್ವನಿಮುದ್ರಿಕೆಗಳಲ್ಲಿ ಮುದ್ರಿತವಾಯಿತು. ಮೆಟ್ನರರು ತಮ್ಮ ಮೂರನೆಯ ಪಿಯಾನೋ ಕನ್ಚೆರ್ಟೊವನ್ನು ಒಡೆಯರಿಗೇ ಅರ್ಪಿಸಿದರು. ಅವರು 1951ರಲ್ಲಿ ತೀರಿಕೊಂಡರು. ವಾದನ ಮಾತ್ರ ಉಳಿದುಕೊಂಡಿತು. ಮೈಸೂರಿನ ಔದಾರ್ಯದಿಂದ ಲೋಕಕ್ಕೆ ದಕ್ಕಿದ ನಿಧಿ ಅದು.

ಆದರೆ ಧ್ವನಿಮುದ್ರಿಕೆಯು ಎಷ್ಟೇ ಸತ್ಯವಾಗಿದ್ದರೂ ಅದು ಮುಗಿದುಹೋದ ವಾದನ. ನಾವು ಅದನ್ನು ಕೇಳಬಹುದು. ನಮ್ಮ ಬೆರಳಿಗೆ ಅದು ಉತ್ತರ ಕೊಡುವುದಿಲ್ಲ. ಗಣಕದೊಳಗಿನ ಪಿಯಾನೋ ಉತ್ತರ ಕೊಡಬೇಕು. ಇದನ್ನು ಸಾಧಿಸಲು ಎರಡು ದಾರಿಗಳುಂಟು.

ಮೊದಲನೆಯದು ಮುದ್ರಣದ ದಾರಿ. ಒಂದು ಒಳ್ಳೆಯ ಪಿಯಾನೋವಿನ ಒಂದೊಂದು ಕೀಲಿಯನ್ನೂ ಅತಿ ಮೃದುವಿನಿಂದ ಅತಿ ಬಲದವರೆಗೆ ಹಲವು ಮೆಟ್ಟಿಲುಗಳಲ್ಲಿ ನುಡಿಸಿ, ಪ್ರತಿಯೊಂದನ್ನೂ ಬೇರೆಬೇರೆಯಾಗಿ ಮುದ್ರಿಸಿಕೊಳ್ಳುತ್ತಾರೆ. ನಾವು ಕೀಲಿಯನ್ನು ಒತ್ತಿದಾಗ ನಮ್ಮ ಬಲಕ್ಕೆ ಹೊಂದುವ ತುಣುಕನ್ನು ಗಣಕವು ಹುಡುಕಿ ನುಡಿಸುತ್ತದೆ. ಸಿಂಥೊಜಿ ಸಂಸ್ಥೆಯ ‘ಐವರಿ’ ಈ ವರ್ಗದ್ದು. ಉಚಿತವಾಗಿ ದೊರೆಯುವ ‘ಸಲಮಾಂಡರ್ ಗ್ರ್ಯಾಂಡ್ ಪಿಯಾನೋ’ ಸಹ ಇದೇ ವರ್ಗದ್ದು. ಅದು ಯಮಾಹಾ ಸಿ5 ಎಂಬ ಪಿಯಾನೋವನ್ನು 16 ಮೆಟ್ಟಿಲುಗಳಲ್ಲಿ ಮುದ್ರಿಸಿದ್ದಾಗಿದೆ.

ಇದಕ್ಕೆಷ್ಟು ಸ್ಥಳ ಬೇಕೆಂಬುದನ್ನು ಒಂದು ಲೆಕ್ಕದಿಂದ ತಿಳಿಯೋಣ. ಪಿಯಾನೋವಿಗೆ 88 ಕೀಲಿಗಳು. ಒಂದೊಂದಕ್ಕೂ 16 ಮೆಟ್ಟಿಲುಗಳೆಂದರೆ 1,408 ತುಣುಕುಗಳು. ಒಂದೊಂದು ತುಣುಕು 20 ಸೆಕೆಂಡಿನದೆನ್ನಿ. ಸಾಧಾರಣ ಸಿ.ಡಿ.ಯ ಗುಣಮಟ್ಟದಲ್ಲಿ ಎಡಬಲ ಎರಡೂ ಕಿವಿಗಳ ಧ್ವನಿಗೆ ಸೆಕೆಂಡಿಗೆ 1,76,400 ಬೈಟುಗಳು ಬೇಕು. 20 ಸೆಕೆಂಡಿಗೆ ಸುಮಾರು 35 ಲಕ್ಷ. ಇದನ್ನು 1,408ರಿಂದ ಗುಣಿಸಿದರೆ ಸುಮಾರು 500 ಕೋಟಿ ಬೈಟುಗಳು, ಅಂದರೆ 5 ಗಿಗಾಬೈಟ್. ಕಾಲಿನ ಪೆಡಲನ್ನು ಒತ್ತಿದಾಗಿನ ನಾದವನ್ನೂ ಬೇರೆಯಾಗಿ ಮುದ್ರಿಸಿದರೆ 10 ಗಿಗಾಬೈಟ್. ಮೂರುನಾಲ್ಕು ಕಡೆ ಮೈಕ್ರೊಫೋನುಗಳನ್ನಿಟ್ಟು ಮುದ್ರಿಸಿದರೆ ಅದರ ಮೂರುನಾಲ್ಕು ಪಟ್ಟು. ಗಾತ್ರವು ಹೀಗೆ ಬೆಳೆಯುತ್ತದೆ. ಗಾತ್ರ ಬೆಳೆದ ಮಾತ್ರಕ್ಕೆ ಗುಣ ಬೆಳೆಯಿತೆಂದು ತಿಳಿಯಲಾಗದು: ನಾಲ್ಕು ಮೈಕ್ರೊಫೋನುಗಳ ನಾದದಲ್ಲಿ ನಮಗೆ ಬೇಕಾದುದು ಒಂದೇ ಆಗಿರಬಹುದು.

ಎರಡನೆಯದು ಗಣಿತದ ದಾರಿ. ಇಲ್ಲಿ ಮುದ್ರಿಸಿದ ತುಣುಕುಗಳನ್ನು ನುಡಿಸುವುದಿಲ್ಲ. ಸುತ್ತಿಗೆ ತಂತಿಗೆ ಬಡಿಯುವುದು, ತಂತಿ ಕಂಪಿಸುವುದು, ಹಲಗೆ ಅದನ್ನು ಗಾಳಿಗೆ ಒಪ್ಪಿಸುವುದು, ಇವೆಲ್ಲವನ್ನೂ ಸಮೀಕರಣಗಳಲ್ಲಿ ಬರೆದು, ಒತ್ತಿದ ಪ್ರತಿಯೊಂದು ಸ್ವರವನ್ನೂ ಆಗಿಂದಾಗಲೇ ಲೆಕ್ಕಹಾಕಿ ಹುಟ್ಟಿಸುತ್ತಾರೆ. ಫ್ರಾನ್ಸಿನ ಟುಲೂಸ್ ನಗರದ ಮೊಡಾರ್ಟ್ ಸಂಸ್ಥೆಯು 2006ರಲ್ಲಿ ಹೊರತಂದ ‘ಪಿಯಾನೋಟೆಕ್’ ಈ ಮಾರ್ಗದಲ್ಲಿ ಹೆಸರಾದುದು. ಅದರ ನಿರ್ಮಾತೃ ಫಿಲಿಪ್ ಗಿಯೋಮ್ ಎಂಬವರು ಮೊದಲು ಪಿಯಾನೋಗಳ ಶ್ರುತಿ ಸರಿಪಡಿಸುವ ಕಸುಬಿನಲ್ಲಿದ್ದು ಅನಂತರ ಗಣಿತಜ್ಞರಾದವರು. ಇಂತಹ ತಂತ್ರಾಂಶಕ್ಕೆ ಬೇಕಾದ ಸ್ಥಳ ಅತ್ಯಲ್ಪ. ಮೃದುವಿಗೂ ಬಲಕ್ಕೂ ನಡುವೆ ಮೆಟ್ಟಿಲುಗಳಿಲ್ಲದೆ ಇಳಿಜಾರಿನಂತೆ ನಾದ ಬದಲಾಗುತ್ತದೆ. ಆದರೆ ಕೆಲವರ ಕಿವಿಗೆ ಮುದ್ರಿತ ನಾದದಲ್ಲಿರುವ ಮರದ ಹದ ಇದರಲ್ಲಿ ಸಾಲದೆನಿಸುತ್ತದೆ. ಎರಡು ಮಾರ್ಗಗಳೂ ಯೋಗ್ಯವಾದುವೇ. ಸ್ಥಳ ಕಡಮೆಯಿರುವ ಗಣಕಕ್ಕೆ ಎರಡನೆಯದು ಅನುಕೂಲ. ಧಾರಾಳವಾದ ಸ್ಥಳವೂ ವೇಗದ ಡಿಸ್ಕೂ ಇದ್ದರೆ ಮೊದಲನೆಯದೂ ಸಲ್ಲುತ್ತದೆ.

ಇನ್ನು ಕೀಲಿಮಣೆಯ ವಿಚಾರ. ಕೀಲಿಮಣೆಯಿಂದ ಗಣಕಕ್ಕೆ ಹೋಗುವುದು ಧ್ವನಿಯಲ್ಲ, ಬರಿಯ ವರದಿ. ಯಾವ ಕೀಲಿ, ಎಷ್ಟು ವೇಗದಿಂದ ಕೆಳಗಿಳಿಯಿತು, ಯಾವಾಗ ಮೇಲೆದ್ದಿತು ಎಂಬಷ್ಟೇ. ಈ ವರದಿಯ ಭಾಷೆಗೆ ‘ಮಿಡಿ’ ಎಂದು ಹೆಸರು. ಅದು 1983ರಿಂದ ಬಳಕೆಯಲ್ಲಿದೆ. ತಂತಿಯನ್ನು ‘ಮಿಡಿ’ಯುವ ನಮ್ಮ ಕನ್ನಡದ ಮಾತಿಗೂ ಇದಕ್ಕೂ ನಂಟಿಲ್ಲವಾದರೂ ನೆನಪಿಡಲು ಅದು ಸುಲಭ. ಕೀಲಿಯ ವೇಗವನ್ನು ಈ ಭಾಷೆಯಲ್ಲಿ 1ರಿಂದ 127ರವರೆಗಿನ ಅಂಕೆಗಳಲ್ಲಿ ಹೇಳುತ್ತಾರೆ. ವೇಗವನ್ನು ಅಳೆಯದ ಆಟಿಕೆಯಂತಹ ಕೀಲಿಮಣೆಯಾದರೆ ಯಾವಾಗಲೂ ಒಂದೇ ಅಂಕೆಯನ್ನು ಕಳುಹಿಸುತ್ತದೆ; ಆಗ ಜಗತ್ತಿನ ಅತ್ಯುತ್ತಮ ತಂತ್ರಾಂಶವೂ ಮೂಕನ ಮುಂದೆ ಕುಳಿತ ವೈದ್ಯನಂತೆ ಅಸಹಾಯವಾಗುತ್ತದೆ. ಆದುದರಿಂದ ಹಣವು ಮಿತವಾಗಿದ್ದರೆ ಅದನ್ನು ಮೊದಲು ಕೀಲಿಮಣೆಗೆ, ಸಾಧ್ಯವಾದರೆ ಭಾರವುಳ್ಳ ಕೀಲಿಗಳಿರುವುದಕ್ಕೆ, ವೆಚ್ಚಮಾಡಿ, ತಂತ್ರಾಂಶವನ್ನು ಉಚಿತವಾದುದರಿಂದ ಆರಂಭಿಸುವುದು ವಿವೇಕ.

ಮತ್ತೊಂದು ಅಂಶ ವಿಳಂಬ. ಒತ್ತುವುದಕ್ಕೂ ಕೇಳುವುದಕ್ಕೂ ನಡುವೆ ಗಣಕವು ಅಲ್ಪಕಾಲವನ್ನು ತೆಗೆದುಕೊಳ್ಳುತ್ತದೆ. ಸೆಕೆಂಡಿಗೆ 44,100 ಮಾದರಿಗಳಿರುವ ಧ್ವನಿಯನ್ನು ಅದು 256 ಮಾದರಿಗಳ ಕಂತೆಗಳಲ್ಲಿ ಒಪ್ಪಿಸಿದರೆ ಒಂದು ಕಂತೆಗೆ ಸುಮಾರು 6 ಮಿಲಿಸೆಕೆಂಡ್; 1,024ರ ಕಂತೆಯಾದರೆ 23. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುವುದರಿಂದ, ಮೊದಲನೆಯದು ಎರಡು ಮೀಟರ್ ದೂರದ ಪಿಯಾನೋವನ್ನು ನುಡಿಸಿದಂತೆ. ಎರಡನೆಯದು ನಮ್ಮ ತರಗತಿಯ ಆಚೆ ಗೋಡೆಯ ಬಳಿಯಿರುವ ಪಿಯಾನೋವನ್ನು ನುಡಿಸಿದಂತೆ. ಎರಡನೆಯದರಲ್ಲಿ ತಾಳ ತಪ್ಪುವುದು ಸಹಜ. ಕಂತೆಯನ್ನು ತೀರ ಚಿಕ್ಕದಾಗಿಸಿದರೆ ದುರ್ಬಲ ಗಣಕವು ಏದುಸಿರುಬಿಟ್ಟು ಚಟಚಟ ಸದ್ದು ಮಾಡುತ್ತದೆ. ನಿಮ್ಮ ಗಣಕವು ಸರಾಗವಾಗಿ ತಾಳಬಲ್ಲ ಅತಿ ಚಿಕ್ಕ ಕಂತೆಯನ್ನು ಪ್ರಯೋಗದಿಂದ ಕಂಡುಕೊಳ್ಳಿರಿ.

ಈಗ ಪರೀಕ್ಷೆಯ ಕ್ರಮ. ಬಹುಪಾಲು ತಂತ್ರಾಂಶಗಳ ನಾದವನ್ನು ಕೊಳ್ಳುವ ಮೊದಲೇ ಕೇಳಿ ನೋಡಬಹುದು. ಪಿಯಾನೋಟೆಕ್‌ನ ಪರೀಕ್ಷಾ ಆವೃತ್ತಿ ಉಚಿತ. ಕೆಲವು ಕೀಲಿಗಳು ಮೂಕವಾಗಿರುತ್ತವೆ, ಕಾಲಕ್ಕೂ ಮಿತಿಯುಂಟು, ಅಷ್ಟೇ. ಯಾವ ತಂತ್ರಾಂಶವಾದರೂ ಸರಿ, ಈ ಐದು ಪ್ರಶ್ನೆಗಳನ್ನು ಕೇಳಿರಿ.

ಒಂದು: ನಡುವಿನ ಒಂದು ಕೀಲಿಯನ್ನು ಮೃದುವಿನಿಂದ ಬಲದವರೆಗೆ ಇಪ್ಪತ್ತು ಸಾರಿ ಒತ್ತಿರಿ. ಸದ್ದು ಹೆಚ್ಚುವುದು ಮಾತ್ರವಲ್ಲದೆ ನಾದದ ಬಣ್ಣವೂ ದುಂಡಗಿನಿಂದ ಹೊಳಪಿನ ಕಡೆಗೆ ಬದಲಾಗುತ್ತದೆಯೆ? ನಡುವೆ ಎಲ್ಲಿಯಾದರೂ ಹಠಾತ್ತನೆ ಜಿಗಿಯುತ್ತದೆಯೆ?

ಎರಡು: ಅದೇ ಕೀಲಿಯನ್ನು ವೇಗವಾಗಿ ಹತ್ತು ಸಾರಿ ಒತ್ತಿರಿ. ಹತ್ತೂ ಒಂದೇ ಅಚ್ಚಿನಲ್ಲಿ ಹೊಯ್ದಂತೆ ಕೇಳಿಸಿದರೆ ಅದು ಯಂತ್ರದ ಲಕ್ಷಣ.

ಮೂರು: ಮಂದ್ರದ ಒಂದು ಸ್ವರವನ್ನು ಒತ್ತಿ ಹಿಡಿದು, ಕೊನೆಯವರೆಗೆ ಆಲಿಸಿರಿ. ಅದು ಮೆಲ್ಲಮೆಲ್ಲನೆ ತಾನಾಗಿ ಕರಗಬೇಕು, ಕತ್ತರಿಸಿದಂತೆ ನಿಲ್ಲಬಾರದು.

ನಾಲ್ಕು: ಮಧ್ಯ ಷಡ್ಜದ ಕೀಲಿಯನ್ನು ಸದ್ದಾಗದಂತೆ ಒತ್ತಿ ಹಿಡಿದು, ಮಂದ್ರ ಷಡ್ಜವನ್ನು ಬಲವಾಗಿ ನುಡಿಸಿ ಬಿಟ್ಟುಬಿಡಿ. ನಿಜವಾದ ಪಿಯಾನೋದಲ್ಲಿ ಮೇಲಿನ ತಂತಿಯು ತಾನಾಗಿ ಅನುರಣಿಸುತ್ತದೆ. ತಂಬೂರಿಯ ಬಳಿ ಹಾಡಿದಾಗ ಅದರ ತಂತಿ ಗುನುಗುವುದನ್ನು ಬಲ್ಲವರಿಗೆ ಇದು ಹೊಸದಲ್ಲ. ತಂತ್ರಾಂಶದಲ್ಲಿ ಆ ಅನುರಣನವುಂಟೆ?

ಐದು: ನಿಮಗೆ ಚೆನ್ನಾಗಿ ತಿಳಿದಿರುವ ಒಂದು ನಿಧಾನವಾದ ಭಾವಗೀತೆಯನ್ನು ಹತ್ತು ನಿಮಿಷ ನುಡಿಸಿರಿ. ಇನ್ನೂ ನುಡಿಸಬೇಕೆಂದು ಮನಸ್ಸಾಗುತ್ತದೆಯೆ? ಈ ಐದನೆಯ ಪ್ರಶ್ನೆ ಉಳಿದ ನಾಲ್ಕಕ್ಕಿಂತ ಹೆಚ್ಚಿನದು.

ನಮ್ಮ ಸಂಗೀತವನ್ನು ಅಭ್ಯಸಿಸುವವರಿಗೆ ಇನ್ನೊಂದು ಮಾತು. ಪಿಯಾನೋದಲ್ಲಿ ಷಡ್ಜದಿಂದ ತಾರ ಷಡ್ಜದವರೆಗಿನ ಅಂತರವನ್ನು 12 ಸಮಭಾಗಗಳಾಗಿ ಹಂಚಿದ್ದಾರೆ. ಆ ಅಂತರವನ್ನು 1,200 ಸೆಂಟುಗಳೆಂದು ಎಣಿಸಿದರೆ, ಸಹಜ ಪಂಚಮವು 702ರಲ್ಲಿದೆ, ಪಿಯಾನೋವಿನದು 700ರಲ್ಲಿ, ಇದು ನಗಣ್ಯ. ಆದರೆ ತಂಬೂರಿಯಲ್ಲಿ ತಾನಾಗಿ ಕೇಳಿಬರುವ ಗಾಂಧಾರವು 386ರಲ್ಲಿದ್ದರೆ ಪಿಯಾನೋವಿನದು 400ರಲ್ಲಿದೆ. ಪಳಗಿದ ಕಿವಿಗೆ ಈ ಭೇದ ಚುಚ್ಚುತ್ತದೆ. ಸ್ಥಿರವಾದ ಕೀಲಿಗಳು ಶ್ರುತಿಗೂ ಗಮಕಕ್ಕೂ ಒಗ್ಗವೆಂಬ ವಾದದಿಂದಲೇ ಆಕಾಶವಾಣಿಯು 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ದೂರವಿಟ್ಟಿತ್ತು. ಕೆಲವು ತಂತ್ರಾಂಶಗಳಲ್ಲಿ, ಉದಾಹರಣೆಗೆ ಪಿಯಾನೋಟೆಕ್‌ನ ಮೇಲ್ತರದ ಆವೃತ್ತಿಗಳಲ್ಲಿ, ಒಂದೊಂದು ಸ್ವರದ ಶ್ರುತಿಯನ್ನೂ ಬೇಕಾದಂತೆ ತಿದ್ದಿಕೊಳ್ಳಬಹುದು. ಆದರೂ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು ಪಿಯಾನೋವಿನ ಧರ್ಮವಲ್ಲ. ಅದನ್ನು ಪಿಯಾನೋದಲ್ಲಿ ಅರಸುವುದು ಬೇವಿನ ಮರದಲ್ಲಿ ಮಾವನ್ನು ಅರಸಿದಂತೆ. ಬೇವಿನ ನೆರಳು ಬೇವಿನದೇ.

ಕೊನೆಯದಾಗಿ ಒಂದು ಎಚ್ಚರಿಕೆ. ಬೆಲೆಯ ತಂತ್ರಾಂಶಗಳ ಕದ್ದ ಪ್ರತಿಗಳು ಕೈಯಿಂದ ಕೈಗೆ ಹರಿದಾಡುತ್ತವೆ. ಒಂದೊಂದು ಕೀಲಿಯ ಬಳಿ ಕುಳಿತು ತಿಂಗಳುಗಟ್ಟಲೆ ಮುದ್ರಿಸಿದವರ, ಲೆಕ್ಕಹಾಕಿದವರ ಶ್ರಮ ಅದರಲ್ಲಿದೆ. ನ್ಯಾಯವಾಗಿ ಉಚಿತವಾದುದು ದೊರೆಯುತ್ತಿರುವಾಗ ಅನ್ಯಾಯವಾದುದಕ್ಕೆ ಕೈಚಾಚುವುದು ಕಲೆಯ ವಿದ್ಯಾರ್ಥಿಗೆ ಶೋಭಿಸುವುದಿಲ್ಲ; ಕದ್ದ ಪ್ರತಿಯೊಡನೆ ಗಣಕಕ್ಕೆ ಕೇಡೂ ಬರಬಹುದು.

ಹೀಗೆ ನೋಡಿದರೆ, ನಿಜಕ್ಕೆ ಸಮೀಪವಾದ ಪಿಯಾನೋ ಯಾವುದೆಂಬ ಪ್ರಶ್ನೆಗೆ ಉತ್ತರವು ಗಿಗಾಬೈಟುಗಳಲ್ಲಿಯೂ ಇಲ್ಲ, ಬೆಲೆಯ ಪಟ್ಟಿಯಲ್ಲಿಯೂ ಇಲ್ಲ. ಆ ವಾದ್ಯದ ಹೆಸರಿನಲ್ಲಿಯೇ ಇದೆ. ಮೃದುವಾಗಿ ಕೇಳಿದರೆ ಮೃದುವಾಗಿ, ಬಲವಾಗಿ ಕೇಳಿದರೆ ಬಲವಾಗಿ, ಇವೆರಡರ ನಡುವಿನ ನೂರು ಛಾಯೆಗಳನ್ನು ಕೇಳಿದರೆ ಆ ನೂರನ್ನೂ ಕೊಡುವುದು ಯಾವುದೋ ಅದೇ ನಿಮ್ಮ ಪಿಯಾನೋ. ಹೊರಗೆ ಘಾಟಿನ ಮಳೆ ಎಷ್ಟೇ ಸುರಿಯಲಿ, ಅದರ ಶ್ರುತಿ ಕದಲುವುದಿಲ್ಲ. ಕದಲದೆ ಉಳಿಯಬೇಕಾದುದು ಇನ್ನೊಂದಿದೆ, ಅದು ದಿನನಿತ್ಯದ ಸಾಧನೆ. ಅದನ್ನು ಯಾವ ತಂತ್ರಾಂಶವೂ ತುಂಬಿಕೊಡಲಾರದು. ಅದನ್ನು ನಮ್ಮ ವಿದ್ಯಾರ್ಥಿಗಳೇ ತುಂಬಿಕೊಳ್ಳುವರೆಂದು ನಂಬಿದ್ದೇವೆ.