ಗೆರೆಯಾಚೆ ಕೂರುವ ಕೆಲಸ

ಆಮೋಸ್ ಅಲಾಂಜೊ ಸ್ಟ್ಯಾಗ್ ಎಂಬ ಹೆಸರು ಮೊದಲು ನನ್ನ ಕಿವಿಗೆ ಬಿದ್ದದ್ದು ಮದರಾಸಿನ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜಿನಲ್ಲಿ. 1920ರಲ್ಲಿ ಅದನ್ನು ಕಟ್ಟಿದ ಹ್ಯಾರಿ ಬಕ್ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಓದಿದವರು. ಅದೇ ಸ್ಪ್ರಿಂಗ್‌ಫೀಲ್ಡಿನಲ್ಲಿ 1890ರಲ್ಲಿ ಸ್ಟ್ಯಾಗ್ ಫುಟ್‌ಬಾಲ್ ಕೋಚ್ ಆದರು. 1892ರಿಂದ ನಲವತ್ತೊಂದು ಸೀಸನ್ ಚಿಕಾಗೊ ವಿಶ್ವವಿದ್ಯಾಲಯದಲ್ಲಿ. ಅವರ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ, ಚೆಂಡು ಅವುಚಿಕೊಂಡು ನುಗ್ಗಿದವನನ್ನು ಕೆಡಹುವ ಆಟ. ನಾನು ಕಾಲೇಜು ಹುಡುಗರಿಗೆ ಕಲಿಸಿದ್ದು ಕಬಡ್ಡಿ. ಕೆಡಹುವುದೊಂದೇ ನಮ್ಮಿಬ್ಬರ ನೆಂಟಸ್ತನ.

1. ಬೈಯುವುದರಲ್ಲಿ ಜಿಪುಣತನ ಇರಲಿ

ಪಾದ್ರಿಯಾಗಲು ಹೊರಟಿದ್ದ ಸ್ಟ್ಯಾಗ್ ಬಾಯಲ್ಲಿ ಬರುತ್ತಿದ್ದ ಅತಿ ದೊಡ್ಡ ಬೈಗುಳ ‘ಕತ್ತೆ’. ಸಿಟ್ಟು ಏರಿದರೆ ‘ಡಬಲ್ ಕತ್ತೆ’. ನನ್ನ ಬಾಯಿ ಕತ್ತೆಗೆ ನಿಲ್ಲುತ್ತಿರಲಿಲ್ಲ, ಹುಡುಗರ ಮನೆತನದವರೆಗೂ ಹೋಗುತ್ತಿತ್ತು. ಒಳ್ಳೆಯ ಕ್ಯಾಚರ್ ಒಬ್ಬ ಮಾರನೇ ದಿನದಿಂದ ಅಂಕಣದ ಕಡೆ ತಲೆ ಹಾಕಲಿಲ್ಲ. ಕರೆಸಿ ಮಾತಾಡುವ ಬುದ್ಧಿಯೂ ನನಗೆ ಬರಲಿಲ್ಲ.

2. ಆಡುವವರು ಹುಡುಗರು

ಆಗಿನ ನಿಯಮದಂತೆ ಆಟ ನಡೆಯುವಾಗ ಕೋಚ್ ಗೆರೆಯಾಚೆಯಿಂದ ಹೇಳಿಕೊಡುವಂತಿರಲಿಲ್ಲ. ಸ್ಟ್ಯಾಗ್ ಅದನ್ನು ವ್ರತದಂತೆ ಪಾಲಿಸಿದರು. ನಾನೋ, ಗಂಟಲು ಹರಿಯುವಂತೆ ಕೂಗುವುದೇ ಕೋಚಿಂಗ್ ಅಂದುಕೊಂಡಿದ್ದೆ. ಒಂದು ಫೈನಲ್‌ನ ಕೊನೆಯ ರೈಡಿನಲ್ಲಿ “ಬೋನಸ್ ಸಾಕು ಕಣೋ” ಎಂದು ಕಿರುಚಿದೆ. ನಮ್ಮ ರೈಡರ್ ನನ್ನತ್ತ ತಿರುಗಿದ. ಕಾಲು ಎದುರಾಳಿಗಳ ಕೈಗೆ ಸಿಕ್ಕಿತು. ಅಂದು ಎಲ್ಲರೂ ಅವನನ್ನೇ ಬೈದರು, ನಾನೂ.

3. ಹಾಜರಾತಿ ಪುಸ್ತಕ ನೋಡಿ

1905ರಲ್ಲಿ ಸ್ಟ್ಯಾಗ್‌ರ ಚಿಕಾಗೊ ತಂಡ 2–0ಯಿಂದ ಮಿಷಿಗನ್ನನ್ನು ಮಣಿಸಿತು. ಅದಕ್ಕೆ ಮುಂಚೆ 56 ಪಂದ್ಯಗಳಲ್ಲಿ ಮಿಷಿಗನ್ ಸೋತೇ ಇರಲಿಲ್ಲ. ಚಿಕಾಗೊದ ಹೀರೊ ವಾಲ್ಟರ್ ಎಕರ್ಸಾಲ್; ಇಡೀ ದೇಶ ಕೊಂಡಾಡಿದ ಆಟಗಾರ. ಆದರೆ ಪದವಿ ಮುಗಿಸದೆ ಹೊರಬಿದ್ದ. ಸ್ಟ್ಯಾಗ್ ಬಗ್ಗೆ ನನಗೆಷ್ಟೇ ಭಕ್ತಿಯಿರಲಿ, ಈ ವಿಷಯದಲ್ಲಿ ಅವರಿಗೆ ವಿನಾಯಿತಿ ಕೊಡಲಾರೆ.

ನನಗಂತೂ ಕೊಡುವುದೇ ಬೇಡ. ನಮ್ಮಲ್ಲೊಬ್ಬ ರೈಡರ್ ಇದ್ದ. ಹಾಜರಾತಿ ಶಾರ್ಟೇಜ್ ಬಂದಾಗಲೆಲ್ಲ ಲೆಕ್ಚರರ್‌ಗಳ ಮುಂದೆ ನಾನೇ ಕೈಮುಗಿದು ನಿಲ್ಲುತ್ತಿದ್ದೆ, ‘ಯೂನಿವರ್ಸಿಟಿ ಬ್ಲೂ ಆಗೋ ಹುಡುಗ ಸಾರ್’ ಎಂದು. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ ಬ್ಲೂ ಆದ. ಮೂರು ವರ್ಷ ಮುಗಿದಾಗ ಪಾಸಾಗದ ಪೇಪರುಗಳು ರಾಶಿ ಬಿದ್ದಿದ್ದವು. ಕ್ರೀಡಾ ಕೋಟಾದಲ್ಲಿ ಕೆಲಸ ಕೊಡಲು ಒಪ್ಪಿದ್ದವರು ಡಿಗ್ರಿ ಸರ್ಟಿಫಿಕೇಟ್ ಕೇಳಿದರು. “ಕ್ಲಾಸಿನ ಚಿಂತೆ ನಂಗೆ ಬಿಡು ಅಂದಿದ್ರಲ್ಲ ಸಾರ್” ಎಂದ. ಸಿಟ್ಟಿನಿಂದ ಹೇಳಿದ್ದರೆ ಸಹಿಸಿಕೊಳ್ಳಬಹುದಿತ್ತು. ಆಮೇಲಿಂದ ಪ್ರತಿ ತಿಂಗಳೂ ಹಾಜರಾತಿ ಪಟ್ಟಿ ತರಿಸಿಕೊಂಡು, ಕಡಿಮೆಯಿದ್ದವನನ್ನು ಕೂರಿಸತೊಡಗಿದೆ. ಎರಡು ಟೂರ್ನಿ ಸೋತೆವು. ಪ್ರಿನ್ಸಿಪಾಲರ ಮುಖ ಸಣ್ಣದಾಯಿತು.

4. ಸಾಮಾನಿಲ್ಲ ಎಂದು ಅಳಬೇಡಿ

ಕೆಡಹುವ ಅಭ್ಯಾಸಕ್ಕೆ ಸ್ಟ್ಯಾಗ್ ಹಾಸಿಗೆ ಸುತ್ತಿ ಬೊಂಬೆ ಮಾಡಿದರಂತೆ. ನಾನು ಮ್ಯಾಟಿಗಾಗಿ ವರ್ಷಗಟ್ಟಲೆ ಅರ್ಜಿ ಬರೆದೆ. ಹೊಟ್ಟು ತುಂಬಿದ ಗೋಣಿಚೀಲ ಸಾಕೆಂದು ತೋರಿಸಿಕೊಟ್ಟದ್ದು ರೈಸ್‌ಮಿಲ್ಲಿನವರ ಮಗ, ನಮ್ಮ ತಂಡದವನೇ.

5. ಮುಖ್ಯ ಕೋಚ್ ಆಗದೆಯೂ ಇರಬಹುದು

ಎಪ್ಪತ್ತಾಯಿತೆಂದು ಚಿಕಾಗೊ ಸ್ಟ್ಯಾಗ್‌ರನ್ನು ನಿವೃತ್ತಿಗೊಳಿಸಿತು. ಅವರು ಕ್ಯಾಲಿಫೋರ್ನಿಯಾದ ಕಾಲೇಜ್ ಆಫ್ ದಿ ಪೆಸಿಫಿಕ್ ಸೇರಿ, 1943ರಲ್ಲಿ, 81ರ ವಯಸ್ಸಿನಲ್ಲಿ ವರ್ಷದ ಕೋಚ್ ಅನ್ನಿಸಿಕೊಂಡರು. 1947ರಿಂದ ಸಸ್ಕ್ವೆಹಾನಾ ವಿಶ್ವವಿದ್ಯಾಲಯದಲ್ಲಿ ಮಗನ ತಂಡಕ್ಕೆ ಹೆಗಲು ಕೊಟ್ಟರು. ನಾನು ನಿವೃತ್ತನಾದಾಗ ನನ್ನ ಜಾಗಕ್ಕೆ ಬಂದವನು ನನ್ನ ಶಿಷ್ಯನೇ. ಮೊದಲ ವರ್ಷ, ನನ್ನನ್ನು ಕೇಳದೆ ತಂಡ ಆರಿಸಿದ ಎಂದು ಮೈದಾನಕ್ಕೇ ಹೋಗಲಿಲ್ಲ. ಈಗ ಬೆಳಿಗ್ಗೆ ಹೋಗಿ ಹೊಸ ಹುಡುಗರಿಗೆ ಬೀಳುವುದನ್ನು ಹೇಳಿಕೊಡುತ್ತೇನೆ. ರೈಡರ್‌ನ ಕಣಕಾಲು ಹಿಡಿಯುವ ಆ್ಯಂಕಲ್ ಹೋಲ್ಡ್ ವಿಷಯದಲ್ಲಿ ಮಾತ್ರ ನನಗೂ ಅವನಿಗೂ ಇನ್ನೂ ಜಗಳ.