ವನ್ಯಜೀವಿ ವೀಕ್ಷಣೆಗೆ ಸ್ವಯಂಚಾಲಿತ ಕ್ಯಾಮರಾ: ಆಯ್ಕೆಯ ಕೆಲವು ವಿಚಾರಗಳು

ಊರು ಮಲಗಿದ ಮೇಲೆ ಎಚ್ಚರಗೊಳ್ಳುವ ಜೀವಲೋಕವೊಂದು ನಮ್ಮ ಹೊಲಗದ್ದೆಗಳ ಅಂಚಿನಲ್ಲಿಯೇ ಇದೆ. ಪುನುಗುಬೆಕ್ಕು, ಮುಳ್ಳುಹಂದಿ, ನರಿ, ಕಾಡುಬೆಕ್ಕು ಮೊದಲಾದ ಪ್ರಾಣಿಗಳನ್ನು ಪಠ್ಯಪುಸ್ತಕದಲ್ಲಿ ಗುರುತಿಸುವ ವಿದ್ಯಾರ್ಥಿ, ತನ್ನ ಊರ ಹಳ್ಳದ ದಂಡೆಯಲ್ಲಿ ಅವು ಸಂಚರಿಸುವುದನ್ನು ಬಹುಮಟ್ಟಿಗೆ ಕಂಡಿರುವುದಿಲ್ಲ. ಈ ಕೊರತೆಯನ್ನು ತುಂಬಬಲ್ಲ ಸಾಧನವೇ ಟ್ರೈಲ್ ಕ್ಯಾಮರಾ. ಕ್ಯಾಮರಾ ಟ್ರ್ಯಾಪ್ ಎಂದೂ ಇದನ್ನು ಕರೆಯುವರು. ಹತ್ತು ಸಾವಿರ ರೂಪಾಯಿಗಳ ಒಳಗೂ ಇದು ಈಗ ದೊರೆಯುತ್ತದೆ. ಆದರೆ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಸಂಖ್ಯೆಯನ್ನೇ ನಂಬಿ ಕೊಂಡರೆ ದಾನಿಗಳ ಹಣ ವ್ಯರ್ಥವಾಗುವ ಸಂಭವವುಂಟು.

ಪ್ರಾಣಿಯು ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವಂತೆ ಮಾಡುವ ಯೋಚನೆ ಹೊಸದಲ್ಲ. ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯು. ಚಾಂಪಿಯನ್ ಅವರು 1920ರ ದಶಕದಲ್ಲಿಯೇ ಕಾಡುದಾರಿಗೆ ಅಡ್ಡಲಾಗಿ ತಂತಿ ಕಟ್ಟಿ, ಹುಲಿಯ ಕಾಲು ತಗುಲಿದೊಡನೆ ಬೆಳಕು ಹೊಳೆದು ಚಿತ್ರ ಮೂಡುವಂತೆ ಮಾಡಿದ್ದರು. ಒಂದು ಹುಲಿಯ ಪಟ್ಟೆ ಮತ್ತೊಂದರಂತಿರದೆಂಬುದನ್ನು ಆಧರಿಸಿ, ಇಂಥ ಚಿತ್ರಗಳಿಂದ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನವನ್ನು ನಮ್ಮ ನಾಗರಹೊಳೆಯಲ್ಲಿ ದುಡಿದ ಡಾ. ಉಲ್ಲಾಸ ಕಾರಂತರು 1995ರಲ್ಲಿ ಪ್ರಕಟಿಸಿದರು. 2018ರ ಅಖಿಲ ಭಾರತ ಹುಲಿ ಗಣತಿಯಲ್ಲಿ 26,838 ಸ್ಥಳಗಳಿಂದ ಮೂರು ಕೋಟಿ ನಲವತ್ತೆಂಟು ಲಕ್ಷಕ್ಕೂ ಮಿಕ್ಕಿ ಚಿತ್ರಗಳು ಬಂದವು. ಅವುಗಳಲ್ಲಿ ಹುಲಿಯವು 76,651 ಮಾತ್ರ. ಈ ಕೆಲಸಕ್ಕೆ ಎಷ್ಟು ತಾಳ್ಮೆ ಬೇಕೆಂಬುದು ಇದರಿಂದಲೇ ವೇದ್ಯವಾಗುವುದು.

ಈಗಿನ ಸಾಧನದಲ್ಲಿ ತಂತಿಯ ಬದಲು ಶಾಖವನ್ನು ಗ್ರಹಿಸುವ ಸಂವೇದಕವಿದೆ. ಸುತ್ತಲಿನ ಉಷ್ಣತೆಗಿಂತ ಭಿನ್ನವಾದ ಉಷ್ಣತೆಯುಳ್ಳ ವಸ್ತು ಅದರ ಮುಂದೆ ಚಲಿಸಿದಾಗ ಕ್ಯಾಮರಾ ಎಚ್ಚರಗೊಳ್ಳುತ್ತದೆ. ಆದುದರಿಂದಲೇ ನಮ್ಮ ಬಯಲುಸೀಮೆಯ ಏಪ್ರಿಲ್-ಮೇ ತಿಂಗಳ ನಡುಹಗಲಿನಲ್ಲಿ, ನೆಲವೇ ಪ್ರಾಣಿಯ ಮೈಯಷ್ಟು ಕಾದಿರುವಾಗ, ಅದು ಅರ್ಧ ಕುರುಡಾಗುತ್ತದೆ. ಬಿಸಿಲಿಗೆ ಕಾದು ಗಾಳಿಗೆ ತೂಗುವ ಹುಲ್ಲನ್ನು ಪ್ರಾಣಿಯೆಂದು ಭ್ರಮಿಸಿ ನೂರಾರು ಚಿತ್ರ ತೆಗೆಯುವುದೂ ಉಂಟು. ಇದು ದುಬಾರಿ ಕ್ಯಾಮರಾಗಳಿಗೂ ತಪ್ಪಿದ್ದಲ್ಲ.

ಎಚ್ಚರಗೊಂಡ ಮೇಲೆ ಚಿತ್ರ ತೆಗೆಯಲು ಹಿಡಿಯುವ ಕಾಲವೇ ಕೊಳ್ಳುವವರು ಮೊಟ್ಟಮೊದಲು ಪರಿಶೀಲಿಸಬೇಕಾದ ಗುಣ. ಅರ್ಧ ಸೆಕೆಂಡಿನೊಳಗೆ ಚಿತ್ರ ತೆಗೆಯುವ ಕ್ಯಾಮರಾ ನಂಬಲರ್ಹ. ಒಂದು ಸೆಕೆಂಡಿಗೂ ಹೆಚ್ಚು ತಡೆದರೆ ನಮಗೆ ಸಿಗುವುದು ನರಿಯ ಬಾಲ ಮಾತ್ರ. ಇದರ ಪರೀಕ್ಷೆ ಸುಲಭ. ಕೊಂಡ ವಾರದಲ್ಲಿಯೇ, ಹಿಂದಿರುಗಿಸುವ ಅವಧಿ ಮೀರುವ ಮುನ್ನ, ಶಾಲೆಯ ಅಂಗಳದಲ್ಲಿ ಅದನ್ನು ನಿಲ್ಲಿಸಿ ಹುಡುಗನೊಬ್ಬನನ್ನು ಐದು ಮೀಟರ್ ದೂರದಲ್ಲಿ ಅಡ್ಡವಾಗಿ ನಡೆಸಿ ನೋಡಬೇಕು; ಇದನ್ನೇ ಕತ್ತಲಾದ ಮೇಲೆ ಮತ್ತೊಮ್ಮೆ ಮಾಡಬೇಕು.

ಮೆಗಾಪಿಕ್ಸೆಲ್ ಸಂಖ್ಯೆಯ ವಿಚಾರ ಬೇರೆ. ಅಗ್ಗದ ಪೆಟ್ಟಿಗೆಗಳ ಮೇಲೆ ಇಪ್ಪತ್ತು, ಮೂವತ್ತು ಎಂದು ಅಚ್ಚಾಗಿರುತ್ತದೆ. ಒಳಗಿನ ಸಂವೇದಕ ಗ್ರಹಿಸುವುದು ಬಹುಪಾಲು ಅದರ ಒಂದು ಸಣ್ಣ ಅಂಶವನ್ನು. ಉಳಿದ ಬಿಂದುಗಳನ್ನು ಯಂತ್ರವೇ ಊಹಿಸಿ ಸೇರಿಸುತ್ತದೆ. ಹಾಲಿಗೆ ನೀರು ಬೆರೆಸಿ ಅಳತೆ ಹೆಚ್ಚಿಸಿದಂತೆ! ಕಡತ ದೊಡ್ಡದಾಗಿ ಕಾರ್ಡು ಬೇಗ ತುಂಬುವುದೇ ಇದರ ಫಲ. ಪ್ರಾಣಿಯನ್ನು ಗುರುತಿಸಲು ಕಡಿಮೆ ಸಂಖ್ಯೆಯ ನಿಜವಾದ ಚಿತ್ರವೇ ಸಾಕು.

ರಾತ್ರಿ ಚಿತ್ರಕ್ಕೆ ಬೇಕಾದ ಅವಕೆಂಪು ಬೆಳಕಿನಲ್ಲಿ ಎರಡು ಬಗೆಗಳಿವೆ. 850 ನ್ಯಾನೋಮೀಟರಿನದು ದೂರ ತಲುಪುತ್ತದೆ, ಆದರೆ ದೀಪಗಳು ಮಂದವಾಗಿ ಕೆಂಪಗೆ ಕಾಣುತ್ತವೆ. 940ರದು ಮನುಷ್ಯನ ಕಣ್ಣಿಗೆ ಕಾಣದು. ಅದರ ವ್ಯಾಪ್ತಿ ಕಡಿಮೆ. ಜನ ಓಡಾಡುವ ಊರಂಚಿನಲ್ಲಿ ಕಳ್ಳರ ಕಣ್ಣಿಗೆ ಬೀಳದಿರುವ ಎರಡನೆಯದೇ ಮೇಲೆಂದು ನನ್ನ ಅಭಿಪ್ರಾಯ.

ಬ್ಯಾಟರಿಯ ವೆಚ್ಚವನ್ನು ಯಾರೂ ಮೊದಲು ಲೆಕ್ಕ ಹಾಕುವುದಿಲ್ಲ. ಹಲವು ಕ್ಯಾಮರಾಗಳಿಗೆ ಎಂಟು ಸೆಲ್‌ಗಳು ಬೇಕು. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಸೆಲ್‌ಗಳು ಶಾಲೆಗೆ ಮಿತವ್ಯಯಕರ. ಆದರೆ ಅವುಗಳ ವೋಲ್ಟೇಜು 1.5 ಅಲ್ಲ, 1.2. ಆ ಕಡಿಮೆ ವೋಲ್ಟೇಜಿನಲ್ಲಿ ಕ್ಯಾಮರಾ ಸರಿಯಾಗಿ ನಡೆಯುವುದೇ ಎಂದು ಕೇಳಿಯೇ ಕೊಳ್ಳಬೇಕು. ದಾನಿಯೊಬ್ಬರು ಇಪ್ಪತ್ತು ಸಾವಿರ ಕೊಟ್ಟರೆ ಆ ಮೊತ್ತಕ್ಕೆಲ್ಲ ಒಂದೇ ಕ್ಯಾಮರಾ ತರುವುದಕ್ಕಿಂತ, ಏಳೂವರೆ ಸಾವಿರದ ಎರಡನ್ನು ತಂದು, ಉಳಿದ ಐದು ಸಾವಿರವನ್ನು ಸೆಲ್, ಚಾರ್ಜರ್, ಕಾರ್ಡು, ಬೀಗಗಳಿಗೆ ಮೀಸಲಿಡುವುದು ಲೇಸು. ಒಂದು ಕೆಟ್ಟರೂ ವರ್ಷದ ಅಧ್ಯಯನ ನಿಲ್ಲದು.

ಕ್ಯಾಮರಾವನ್ನು ಮೊಣಕಾಲೆತ್ತರದಲ್ಲಿ, ಪ್ರಾಣಿಗಳ ಜಾಡಿನಿಂದ ಮೂರು-ನಾಲ್ಕು ಮೀಟರ್ ದೂರದಲ್ಲಿ, ಉತ್ತರಕ್ಕೋ ದಕ್ಷಿಣಕ್ಕೋ ಮುಖಮಾಡಿ ಕಟ್ಟಬೇಕು. ಪೂರ್ವ-ಪಶ್ಚಿಮವಾದರೆ ಏರುವ, ಇಳಿಯುವ ಸೂರ್ಯ ಚಿತ್ರವನ್ನು ಕೆಡಿಸುತ್ತಾನೆ. ಎದುರಿನ ಹುಲ್ಲನ್ನು ಸವರಿ, ದಿನಾಂಕ ಮತ್ತು ವೇಳೆಯನ್ನು ತಪ್ಪದೆ ಹೊಂದಿಸಬೇಕು. ವೇಳೆಯಿಲ್ಲದ ಚಿತ್ರದಿಂದ ಅಧ್ಯಯನಕ್ಕೆ ಪ್ರಯೋಜನ ಅತ್ಯಲ್ಪ.

ಅಭಯಾರಣ್ಯದೊಳಗೆ ಛಾಯಾಗ್ರಹಣಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಮತಿ ಅವಶ್ಯ. ಶಾಲೆಯ ಕ್ಯಾಮರಾವನ್ನು ಶಾಲೆಯ ಜಮೀನಿನಲ್ಲಿಯೋ ಒಪ್ಪಿಗೆ ಕೊಟ್ಟ ರೈತರ ಹೊಲದಲ್ಲಿಯೋ ಇಡುವುದು ಯುಕ್ತ. ಚಿರತೆಯ ಚಿತ್ರ ಬಂದರೆ ಅದನ್ನು ಅರಣ್ಯ ಇಲಾಖೆಗೆ ತಿಳಿಸಬೇಕೇ ಹೊರತು ಸ್ಥಳದ ಹೆಸರಿನೊಡನೆ ದೂರವಾಣಿಗಳಲ್ಲಿ ಹಂಚಬಾರದು. ಹಂಚಿದರೆ ಬೇಟೆಗಾರನಿಗೆ ದಾರಿ ತೋರಿದಂತಾಗುವುದು, ಇಲ್ಲವೇ ಜನ ಗುಂಪುಗೂಡಿ ಅದನ್ನು ಕೆಣಕುವರು. ನಸುಕಿನಲ್ಲಿ ಹೊಲದ ಕಡೆ ಹೋಗುವ ಹೆಣ್ಣುಮಕ್ಕಳ ಚಿತ್ರಗಳೂ ಕೆಲವೊಮ್ಮೆ ಕಾರ್ಡಿನಲ್ಲಿ ಸೇರಿರುತ್ತವೆ. ಅಧ್ಯಾಪಕರು ತಾವೇ ಮೊದಲು ಕಾರ್ಡನ್ನು ನೋಡಿ, ಅಂಥವನ್ನು ಅಳಿಸಿದ ಬಳಿಕವಷ್ಟೇ ತರಗತಿಯಲ್ಲಿ ತೋರಿಸತಕ್ಕದ್ದು.